ನೋವು ಹೇಳಿಕೊಳ್ಳಲಾರದವರನ್ನು ಆಸ್ಪತ್ರೆಗೆ ಕರೆತರುವಾಗ

ನಾನು ಮಂಡ್ಯದಲ್ಲಿ ನರ್ಸ್. ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಗನನ್ನೋ, ತಂಗಿಯನ್ನೋ ವಾರ್ಡಿಗೆ ಕರೆತರುವವರಿಗೆ ಮೊದಲು ಹೇಳುವುದಿಷ್ಟು: ನಡವಳಿಕೆ ದಿಢೀರನೆ ಬದಲಾದರೆ, ಬೇರೆ ಕಾರಣ ಸಿಗುವವರೆಗೆ ಅದನ್ನು ನೋವು ಅಂತಲೇ ತಿಳಿಯಿರಿ.

‘ಅವನು ಇರೋದೇ ಹಂಗೆ’ ಅನ್ನುವ ಮಾತನ್ನು ಮನೆಯವರ ಬಾಯಲ್ಲೂ ಕೇಳಿದ್ದೇನೆ, ಡಾಕ್ಟರ ಬಾಯಲ್ಲೂ ಕೇಳಿದ್ದೇನೆ. ಪಾಂಡವಪುರ ಕಡೆಯ ಒಬ್ಬ ಯುವಕ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ. ನಿದ್ದೆ ಮಾತ್ರೆ ಜಾಸ್ತಿ ಮಾಡಿ ಅಂತ ಕೇಳಲು ಅಣ್ಣ ಬಂದಿದ್ದರು. ಟಾರ್ಚ್ ಹಾಕಿ ಬಾಯಿ ನೋಡಿದರೆ ದವಡೆ ಹಲ್ಲಿನ ಬುಡದಲ್ಲಿ ಕೀವು. ಹಲ್ಲು ಕಿತ್ತ ಮೇಲೆ ಹೊಡೆದುಕೊಳ್ಳುವುದು ನಿಂತಿತು.

ಹಾಗಾಗಿ ಮನೆಯಲ್ಲೇ ಬಾಯಿ, ಕಿವಿ, ಹೊಟ್ಟೆ, ಪಾದ, ಸೊಂಟದ ಚರ್ಮ ನೋಡಿ. ಫಿಟ್ಸ್‌ಗೆ ಫೆನಿಟಾಯಿನ್ ತೆಗೆದುಕೊಳ್ಳುವವರಿಗೆ ಒಸಡು ಊದಬಹುದು, ಅದನ್ನೂ ಗಮನಿಸಿ. ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು ಮಲಬದ್ಧತೆ. ಕಕ್ಕಸಿಗೆ ಹೋದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಹಾಕಿ. ಡಾಕ್ಟರಿಗೆ ಅದರ ಫೋಟೊ ತೋರಿಸಿದರೆ ಸಾಕು. ಡೌನ್ ಸಿಂಡ್ರೋಮ್ ಇರುವವರು ಮಂಕಾದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ.

ಇನ್ನು ಒಂದು ಹಾಳೆ ಬರೆದಿಡಿ. ರೋಗದ ಹೆಸರು ಫೈಲಿನಲ್ಲಿ ಇದ್ದೇ ಇರುತ್ತದೆ. ನಮಗೆ ಬೇಕಾದದ್ದು ಬೇರೆ. ಅವರನ್ನು ಏನಂತ ಕರೆಯಬೇಕು? ನೋವಾದರೆ ಏನು ಮಾಡುತ್ತಾರೆ? ‘ಬೇಡ’ ಅನ್ನುವುದನ್ನು ಹೇಗೆ ತೋರಿಸುತ್ತಾರೆ? ಯಾವ ಶಬ್ದಕ್ಕೆ ಹೆದರುತ್ತಾರೆ? ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಕೊಡುತ್ತೀರಾ, ನೀರಿನಲ್ಲಾ? ಕೆಲವು ಮಾತ್ರೆ ಪುಡಿ ಮಾಡಬಾರದು, ಅದನ್ನು ನಾವು ನೋಡಿ ಹೇಳುತ್ತೇವೆ. ರಾತ್ರಿ ಪಾಳಿಯ ನರ್ಸ್‌ಗೆ ಈ ಹಾಳೆಯೇ ಆಧಾರ. ಹಾಸಿಗೆಯ ತಲೆಯ ಬದಿಗೆ ಅಂಟಿಸಿಬಿಡಿ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಖಂಡಿತ ಹೇಳಬೇಕು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗುವ ತೊಂದರೆ ಇರುವವರಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಊಟದ ಮಧ್ಯೆ ಕೆಮ್ಮು, ಗೊರಗೊರ ದನಿ, ಪದೇಪದೇ ನ್ಯುಮೋನಿಯಾ, ಇವೆಲ್ಲ ಎಚ್ಚರಿಕೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಕಿವಿ ಜೊತೆಗೆ ನುಂಗುವುದನ್ನೂ ಪರೀಕ್ಷಿಸುತ್ತಾರೆ. ಅಲ್ಲಿ ತೋರಿಸುವವರೆಗೆ ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಡಿ, ಊಟವಾದ ತಕ್ಷಣ ಮಲಗಿಸಬೇಡಿ.

ಓಪಿಡಿ ಗದ್ದಲದಲ್ಲಿ ಗಂಟೆಗಟ್ಟಲೆ ಕಾಯಿಸಬೇಡಿ. ಮೊದಲ ಸರದಿ ಕೊಡಿ ಅಂತ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಚಿಕಿತ್ಸೆಗೆ ಆದ್ಯತೆ ಅಂತಲೇ ಇದೆ, ಸಂಕೋಚ ಬೇಡ. ಸೂಜಿ ಭಯವಿದ್ದರೆ ಮರಗಟ್ಟಿಸುವ ಮುಲಾಮು ಕೇಳಿ. ಅದು ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು. ನಾಲ್ಕು ಜನ ಸೇರಿ ಅದುಮಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಒಮ್ಮೆ ಹೆದರಿದವರು ಮುಂದಿನ ಸಲ ಆಸ್ಪತ್ರೆ ಬಾಗಿಲನ್ನೇ ದಾಟುವುದಿಲ್ಲ, ಅಲ್ವಾ? ಮಾಡುವುದನ್ನು ಅವರಿಗೇ ಹೇಳಿ, ಒಂದು ಸಲಕ್ಕೆ ಒಂದೇ ವಿಷಯ. ಉತ್ತರಕ್ಕೆ ಕಾಯಿರಿ.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಬಾಯಿಗೆ ಏನೂ ಹಾಕಬೇಡಿ. ಗಡಿಯಾರ ನೋಡಿ, ಪಕ್ಕಕ್ಕೆ ಹೊರಳಿಸಿ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಆಪರೇಷನ್‌ಗೆ ಉಪವಾಸ ಇರುವಾಗಲೂ ಫಿಟ್ಸ್ ಮಾತ್ರೆ ಕೊಡಬೇಕೇ ಅಂತ ಡಾಕ್ಟರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಚಿಕಿತ್ಸೆಯ ಖರ್ಚಿಗೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಡಿಸ್ಚಾರ್ಜ್ ದಿನ ಅವಸರ ಮಾಡಬೇಡಿ. ಯಾವ ಮಾತ್ರೆ ಹೊಸದು, ಯಾವುದು ನಿಂತಿತು ಅಂತ ಕನ್ನಡದಲ್ಲಿ ಬರೆಸಿಕೊಂಡು, ಆಮೇಲೆ ಬಸ್ ಹತ್ತಿ.