ಬಿತ್ತಿದ ವಿಷ್ಣುಕ್ರಾಂತಿ ಹುಟ್ಟಿತು

ವಿಷ್ಣುಕ್ರಾಂತಿ ಎಂಬ ನೀಲಿ ಹೂವಿನ ಔಷಧಿ ಗಿಡ ಬಾದಾಮಿ ಕಡೆಯ ಗರಸು ನೆಲದಲ್ಲಿ ತಾನಾಗಿ ಹುಟ್ಟುತ್ತದೆ, ಬಿತ್ತಿದರೆ ಹುಟ್ಟುವುದಿಲ್ಲ ಎಂದು ಊರಿನವರೆಲ್ಲ ಹೇಳಿದ್ದರು. ಹೋದ ಶ್ರಾವಣದಲ್ಲಿ ನನ್ನ ಎರಡು ಗುಂಟೆ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲವೆಲ್ಲ ನೀಲಿಯಾದಾಗ ಅವರೇ ಬಂದು ನೋಡಿದರು. ಮಧ್ಯಾಹ್ನ ಬಂದವರಿಗೆ ಏನೂ ಕಾಣಲಿಲ್ಲ. ಅಷ್ಟರಲ್ಲಿ ಹೂವು ಮುಚ್ಚಿಕೊಂಡಿರುತ್ತದೆ.

ಮೊದಲ ವರ್ಷ ಹಣ ಕಳೆದದ್ದು ಹೆಸರಿನಿಂದ. ವಿಷ್ಣುಕ್ರಾಂತಿಯೇ ಸಿಗುತ್ತದೆಂದು ಶಂಖಪುಷ್ಪಿ ಬೀಜ ಬೇಕೆಂದು ಫೋನಿನಲ್ಲಿ ಕೇಳಿದೆ, ಸುಮಾರು 1,200 ರೂಪಾಯಿ ಕೊಟ್ಟೆ. ಹುಟ್ಟಿದ್ದು ಗಿರಿಕರ್ಣಿಕೆಯ ಬಳ್ಳಿ, ಮರಾಠಿಯವರ ಗೋಕರ್ಣ. ಹೂವು ನೀಲಿಯೇ, ಆದರೆ ಅದು ಅವರೆ, ತೊಗರಿಯ ಕುಲದ್ದು. ಮಾರಿದವರು ಸುಳ್ಳು ಹೇಳಿರಲಿಲ್ಲ. ಕೇರಳದ ವೈದ್ಯರಿಗೆ ಶಂಖಪುಷ್ಪಿ ಎಂದರೆ ಆ ಬಳ್ಳಿ. ಉತ್ತರದವರಿಗೆ ಕನ್ವಾಲ್ವುಲಸ್ ಎಂಬ ಬೇರೆ ಗಿಡ. ವಿಷ್ಣುಕ್ರಾಂತಿಯನ್ನೂ ಅದೇ ಹೆಸರಿನಲ್ಲಿ ಕೊಳ್ಳುವವರಿದ್ದಾರೆ. ಈಗ ನಾನು ವಿಷ್ಣುಕ್ರಾಂತಿಯ ವೈಜ್ಞಾನಿಕ ಹೆಸರು, ಎವೋಲ್ವುಲಸ್ ಆಲ್ಸಿನೋಯ್ಡಿಸ್ ಎಂದು ಬರೆದೇ ವ್ಯವಹಾರ ಮಾಡುತ್ತೇನೆ. ಎವೋಲ್ವುಲಸ್ ಎಂದರೆ ಸುತ್ತಿಕೊಳ್ಳದ್ದು. ಸಸಿ ಕೋಲಿಗೆ ಸುತ್ತಿಕೊಂಡರೆ ಅದು ನಮ್ಮ ಗಿಡವಲ್ಲ.

ಎರಡನೆಯ ವರ್ಷ ಗುಡ್ಡದಲ್ಲಿ ನಾನೇ ಬೀಜ ಆಯ್ದು ತಂದು ಕಪ್ಪು ಎರೆ ಮಣ್ಣಿನ ಹೊಲದ ಅಂಚಿಗೆ ಬಿತ್ತಿದೆ. ನೂರಕ್ಕೆ ಐದಾರು ಮೊಳೆತವು, ಅವೂ ಮಳೆನೀರು ನಿಂತು ಬೇರು ಕೊಳೆತು ಹೋದವು. ಹನಿ ಕೊಳವೆ, ಆಳಿನ ಕೂಲಿ ಸೇರಿ ಒಂಬತ್ತು ಸಾವಿರದಷ್ಟು ಹೋಯಿತು. ಮನೆಯಲ್ಲಿ ಈ ಗಿಡದ ಮಾತೆತ್ತದಂತಾಯಿತು.

ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ ಎಂಬುದು ಹೊಳೆದದ್ದು ಆಮೇಲೆ. ಮರಳು ಕಾಗದದ ನಡುವೆ ಉಜ್ಜಿ, ರಾತ್ರಿಯೆಲ್ಲ ನೆನೆಸಿ, ಮಸಾರಿಯಲ್ಲಿ ಬಿತ್ತಿ, ಮೇಲೆ ಜರಡಿ ಹಿಡಿದ ಮರಳನ್ನು ತೆಳ್ಳಗೆ ಉದುರಿಸಿದೆ. ನೂರಕ್ಕೆ ಅರವತ್ತು ಹುಟ್ಟಿದವು. ನೆನೆಸುವ ನೀರಿಗೆ ಏನು ಬೆರೆಸುತ್ತೇನೆ, ಎಷ್ಟು ಹೊತ್ತು ಉಜ್ಜುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಈ ಭಾಗದಲ್ಲಿ ಇಷ್ಟು ಮೊಳಕೆ ತೆಗೆದವರನ್ನು ನಾನಂತೂ ಕಂಡಿಲ್ಲ.

ಕಡ್ಡಿ ನೆಟ್ಟೂ ನೋಡಿದೆ, ನಲವತ್ತರಲ್ಲಿ ಮೂರು ಉಳಿದವು, ಬಿಟ್ಟೆ. ಮೊದಲ ವರ್ಷದ ಗಿರಿಕರ್ಣಿಕೆ ಮಾತ್ರ ಬೇಲಿಯಲ್ಲಿ ಚೆನ್ನಾಗಿದೆ. ಅದರ ಹೂವು ಕುದಿಸಿದ ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆಯಾಗುತ್ತದೆ, ಮಕ್ಕಳಿಗೆ ಅದೇ ಹಬ್ಬ.

ಕೊಳ್ಳುವವರು ಬೇರುಸಹಿತ ಗಿಡ ಕೇಳುತ್ತಾರೆ. ನಾನು ಅರ್ಧ ಪಾತಿಯನ್ನಷ್ಟೇ ಕಿತ್ತೆ, ಉಳಿದದ್ದನ್ನು ಕೊಯ್ದು ಬಿಟ್ಟೆ. ಬುಡದಿಂದ ಮತ್ತೆ ಚಿಗುರಿದೆ. ಒಣಗಿದ ಮೇಲೆ ಹದಿನಾಲ್ಕು ಕಿಲೋ ಬಂತು, ಮೂರು ಸಾವಿರದ ಹತ್ತಿರ ಕೈಸೇರಿತು. ಹಳೆಯ ನಷ್ಟ ಇನ್ನೂ ತೀರಿಲ್ಲ. ಈ ಮುಂಗಾರಿಗೆ ಮತ್ತೆ ನಾಲ್ಕು ಗುಂಟೆ ಹದ ಮಾಡಿಟ್ಟಿದ್ದೇನೆ, ಬೀಜ ನನ್ನ ಹೊಲದ್ದೇ.