ಅಕ್ಕಲಕೋಟದ ಬಿಸಿಲಲ್ಲಿ ಹಳೇ ಹೈಬ್ರಿಡ್ ಪ್ಯಾಕ್ ಉಳಿಸಿದ್ದು: ನನ್ನ ಅನುಭವ

ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿಯಿಂದಲೂ ಓಡುವ 2013ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಒಂದು ನನ್ನ ಗ್ಯಾರೇಜಿನಿಂದ ಹೋಗಿ ಎರಡು ಬೇಸಿಗೆ ಕಳೆಯಿತು. ಹೊಸ ಪ್ಯಾಕ್, ಅಂದರೆ ಮಾಡ್ಯೂಲ್ ಎಂಬ ಚಿಕ್ಕ ಬ್ಯಾಟರಿಗಳನ್ನು ಜೋಡಿಸಿದ ದೊಡ್ಡ ಬ್ಯಾಟರಿ, ಹಾಕಿಲ್ಲ. ಪ್ಯಾಕ್ ಸೋತಿದೆ ಎಂದು ಹೇಳುವ ಪಿ0ಎ80 ಕೋಡ್ ಮತ್ತೆ ಬಂದಿಲ್ಲ. ನಮ್ಮ ಅಕ್ಕಲಕೋಟ, ಸೊಲ್ಲಾಪುರದ ಬಿಸಿಲು ಗೊತ್ತಲ್ವಾ? ಏಪ್ರಿಲ್ ಕೊನೆಗೆ 42, 43 ಡಿಗ್ರಿ. "ಈ ಬಿಸಿಲಾಗ ಹಳೇ ಮಾಡ್ಯೂಲ್ ತಾಳೂದಿಲ್ಲ, ಬಿಡ್ರಿ ಮಿಸ್ತ್ರಿ" ಅಂದವರೇ ಜಾಸ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಸೊಲ್ಲಾಪುರದ ಟವೆಲ್ ವ್ಯಾಪಾರಿಯೊಬ್ಬರದು. ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಹೊಸ ಪ್ಯಾಕಿಗೆ ಮೂರೂವರೆ ಲಕ್ಷದ ಹತ್ತಿರ ಹೇಳಿದ್ದರು. ಗಾಡಿ ಮಾರಿದರೂ ಅದಕ್ಕಿಂತ ಹೆಚ್ಚೇನೂ ಬರುತ್ತಿರಲಿಲ್ಲ. ಲಕ್ಷಣ ನೀವೆಲ್ಲ ನೋಡಿದ್ದೇ. ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತರೂ ಇಂಜಿನ್ ಬಂದ್ ಆಗುವುದಿಲ್ಲ. ಹಿಂದೆ ಫ್ಯಾನ್ ಜೋರಾಗಿ ಕೂಗುತ್ತದೆ. ಚಾರ್ಜ್ ಪಟ್ಟಿ ಸರ್ರನೆ ಏರಿ ಸರ್ರನೆ ಇಳಿಯುತ್ತದೆ. ಮೈಲೇಜ್ ಹತ್ತು, ಹನ್ನೊಂದಕ್ಕೆ ಬಿದ್ದಿತ್ತು. ಆದರೆ ಬೆಳಗಿನ ತಂಪಿನಲ್ಲಿ ಓಡಿಸಿದರೆ ಅರ್ಧ ಕಾಯಿಲೆ ಮಾಯ. ನನಗೆ ಆಸೆ ಹುಟ್ಟಿದ್ದು ಅಲ್ಲೇ.

ಸ್ಕ್ಯಾನರ್ ಹಚ್ಚಿದೆ. ಎರಡೆರಡು ಮಾಡ್ಯೂಲಿಗೆ ಒಂದರಂತೆ ಇರುವ 17 ಬ್ಲಾಕ್‌ಗಳಲ್ಲಿ ನಡುವಿನವು ಲೋಡ್ ಬಿದ್ದ ಕೂಡಲೇ ಒಂದು ವೋಲ್ಟಿಗಿಂತ ಜಾಸ್ತಿ ಕುಸಿಯುತ್ತಿದ್ದವು. ಅಂಚಿನವು ಗಟ್ಟಿ. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಸೋತ ಮಾಡ್ಯೂಲ್ ತೆಗೆದು ಪುಣೆಯ ಗುಜರಿಯಿಂದ ತಂದದ್ದು ಹಾಕಿದೆ, ಒಂದಕ್ಕೆ ಎರಡೂವರೆ ಸಾವಿರ. ಮೇ ತಿಂಗಳು ಮುಗಿಯುವಷ್ಟರಲ್ಲಿ ಪಕ್ಕದ ಜೋಡಿ ಕೈಕೊಟ್ಟಿತು. ಫ್ಯಾನ್ ಸದಾ ಓಡಲಿ ಅಂತ ಬೇರೆ ವೈರ್ ಎಳೆದೆ. ಸದ್ದು ಹೆಚ್ಚಿತು, ಬಿಸಿ ಇಳಿಯಲಿಲ್ಲ. ಡಿಕ್ಕಿಯಲ್ಲಿ ಕಂಪ್ಯೂಟರ್ ಫ್ಯಾನ್ ಕೂರಿಸಿದೆ, ಅದೂ ದಂಡ. ಹದಿನೈದು ಸಾವಿರದ ಹತ್ತಿರ ಹೀಗೇ ಹೋಯಿತು.

ಅಷ್ಟು ಓಡುವ ಫ್ಯಾನು ತಂಪು ಮಾಡುತ್ತಿಲ್ಲ ಅಂದರೆ ಗಾಳಿ ಎಲ್ಲಿ ನಿಲ್ಲುತ್ತಿದೆ? ಬ್ಲೋಯರ್ ಬಿಚ್ಚಿದೆ. ಚಕ್ರದ ಎಲೆಗಳ ನಡುವೆ ನೂಲಿನ ಧೂಳು ಕಂಬಳಿಯ ಹಾಗೆ ಕೂತಿತ್ತು. ಪ್ಯಾಕ್ ಗಾಳಿ ಎಳೆದುಕೊಳ್ಳುವುದು ಕ್ಯಾಬಿನ್ನಿನಿಂದ. ಮಾಲಕರು ವರ್ಷಗಟ್ಟಲೆ ಟವೆಲ್ ಗಂಟುಗಳನ್ನು ಹಿಂದಿನ ಸೀಟಿಗೆ ಹೇರಿಕೊಂಡು ಓಡಾಡಿದ್ದರು. ಗಾಳಿ ಎಳೆಯುವ ಜಾಲರಿಗೂ ಗಂಟು ಅಡ್ಡ, ಒಳಗೂ ನೂಲು. ಬ್ಯಾಟರಿ ಮಾಡಿದವರದು ಏನೂ ತಪ್ಪಿಲ್ಲ.

ಪೂರ್ತಿ ಪ್ಯಾಕ್ ಇಳಿಸಿದೆ. ಪ್ಯಾಕಿನ ಕರೆಂಟ್ ಕಡಿಯುವ ಕಿತ್ತಳೆ ಪ್ಲಗ್ ಎಳೆದು ಹತ್ತು ನಿಮಿಷ ಕಾಯುವುದು, 1000 ವೋಲ್ಟಿನ ಕೈಗವಸು, ಇದೆಲ್ಲ ನಿಮಗೆ ಹೇಳಬೇಕಿಲ್ಲ. 244 ವೋಲ್ಟ್, ಅವಸರ ಮಾತ್ರ ಬೇಡ. 34 ಮಾಡ್ಯೂಲ್‌ಗೂ ನಂಬರ್ ಬರೆದೆ. ಎರಡು ದಪ್ಪ ಹಲಗೆಗಳ ನಡುವೆ ಬಿಗಿದು ಚಾರ್ಜಿಗೆ ಹಾಕಿದೆ. ಬಿಗಿಯದಿದ್ದರೆ ಉಬ್ಬುತ್ತವೆ. ಇಲ್ಲೂ ಬಿಸಿಲಿನ ಕಾಟ. ಹಗಲು ಶೆಡ್ಡಿನ 40 ಡಿಗ್ರಿಯಲ್ಲಿ ಇಂಥ ನಿಕಲ್ ಬ್ಯಾಟರಿಗೆ ಕೊಟ್ಟ ಕರೆಂಟ್ ತುಂಬಾ ಪಾಲು ಬಿಸಿಯಾಗಿಯೇ ಹೋಗುತ್ತದೆ, ಒಳಗೆ ನಿಲ್ಲುವುದು ಕಡಿಮೆ. ಹಗಲಿನ ಕೆಲಸ ಬಿಟ್ಟೆ. ರಾತ್ರಿ ಕೂಲರ್ ಮುಂದಿಟ್ಟು, ಎರಡು ಮೂರು ಸುತ್ತು ತುಂಬಿಸಿ ಇಳಿಸಿ ಮಾಡಿದ ಮೇಲೆ 3,500 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ತೋರಿಸುತ್ತಿದ್ದವು 5,000ದ ಹತ್ತಿರ ಬಂದವು. ಹೊಸದಕ್ಕೆ 6,500. ಎಷ್ಟು ಕರೆಂಟಿನಲ್ಲಿ ಇಳಿಸುತ್ತೇನೆ, ಎಲ್ಲಿ ನಿಲ್ಲಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಅದಕ್ಕಾಗಿ ಬಹಳ ನಿದ್ದೆಗೆಟ್ಟಿದ್ದೇನೆ.

ಜೋಡಿಸುವಾಗ ಜಾಗ ಬದಲಿಸಿದೆ. ಬಿಸಿ ಜಾಸ್ತಿ ನಿಲ್ಲುವ ನಡುವಿಗೆ ಗಟ್ಟಿಯವು, ತಂಪಾದ ಎರಡು ತುದಿಗೆ ಸೋತವು. ಕಪ್ಪಾದ ತಾಮ್ರದ ಪಟ್ಟಿಗಳನ್ನು ಉಜ್ಜಿ ಹಾಕಿದೆ. ಸೋತವನ್ನು ತುದಿಗೆ ಹಾಕುವುದು ಸುಮ್ನೆ ಹುಚ್ಚಾಟ ಅಂತ ಕೆಲವರು ಅಂದಿದ್ದರು. ಗಾಣಗಾಪುರದವರೆಗೆ ಮಧ್ಯಾಹ್ನವೇ ಹೋಗಿ ಬಂದೆ. ಮೊದಲು 55 ಡಿಗ್ರಿ ದಾಟುತ್ತಿದ್ದ ಪ್ಯಾಕ್ 45ರ ಆಸುಪಾಸು ನಿಂತಿತು. ಮೈಲೇಜ್ ಈಗ ಹದಿನೈದು, ಹದಿನಾರು. ದಂಡವಾದದ್ದೂ ಸೇರಿ ಖರ್ಚು ನಲವತ್ತು ಸಾವಿರದೊಳಗೆ.

ನಡುವೆ ಇನ್ನೊಂದು ನೋಡಿದೆ. ಹಿಂದಿನ ಸೀಟಿನ ಮೇಲೆ ಥರ್ಮಾಮೀಟರ್ ಇಟ್ಟು ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿದರೆ 60 ದಾಟಿತು, ಬೇವಿನ ನೆರಳಲ್ಲಿ 45ರ ಒಳಗೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರು ಗಾಡಿ ಬಿಸಿಲಿಗೆ ಬಿಟ್ಟು ಹೋಗುತ್ತಾರೆ, ಬಂದ ಕೂಡಲೇ ಗಾಜು ಏರಿಸಿ ಹೊರಡುತ್ತಾರೆ. ಆಗ ಪ್ಯಾಕ್ ಎಳೆದುಕೊಳ್ಳುವುದು ಆ 60ರ ಗಾಳಿಯನ್ನೇ. ಮೊದಲು ನಾಲ್ಕೂ ಗಾಜು ಇಳಿಸಿ ಸ್ವಲ್ಪ ದೂರ ಓಡಿಸಿ, ಆಮೇಲೆ ಎಸಿ ಹಾಕಿ ಎಂದು ಎಲ್ಲರಿಗೂ ಹೇಳುತ್ತೇನೆ. ಛಾವಣಿಗೆ ಒದ್ದೆ ಗೋಣಿಚೀಲ ಹಾಸಿಯೂ ನೋಡಿದೆ. ಫರಕು ಬಿತ್ತು, ಆದರೆ ಅರ್ಧ ಗಂಟೆಗೆ ಒಣಗುತ್ತದೆ.

ಈಗ ಹೈರೈಡರ್, ಗ್ರ್ಯಾಂಡ್ ವಿಟಾರ ಹೈಬ್ರಿಡ್ ಗಾಡಿಯವರೂ ಬರುತ್ತಿದ್ದಾರೆ. ಅವುಗಳ ಲಿಥಿಯಂ ಪ್ಯಾಕ್ ನಾನು ಬಿಚ್ಚುವುದಿಲ್ಲ. ಗಾಳಿಯ ಜಾಲರಿ ಸ್ವಚ್ಛ ಮಾಡಿ ಕೊಡುತ್ತೇನೆ, ಮುನ್ನೂರು ರೂಪಾಯಿ.