ಬೆಲ್ಲದ ಗಾಡಿ ಎಳೆದು ಬಲದ ಲೆಕ್ಕ ಹಾಕುವುದು ಹೇಗೆ?

ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಪೆಂಟಿ (ಬೆಲ್ಲದ ದೊಡ್ಡ ಅಚ್ಚು) ಹೇರಿದ ಗಾಡಿ ತಳ್ಳುವ ಹಮಾಲರನ್ನು ಗಮನಿಸಿ. ಮೊದಲ ಎರಡು ಹೆಜ್ಜೆಗೆ ಮೈ ಪೂರ್ತಿ ಬಾಗುತ್ತದೆ. ಗಾಡಿ ಉರುಳತೊಡಗಿದ ಮೇಲೆ ಅಷ್ಟು ಬಲ ಬೇಕಾಗುವುದಿಲ್ಲ. ವೇಗ ಏರಿಸಲು ಬೇಕಾದ ಬಲ ಬೇರೆ, ಏರಿದ ವೇಗವನ್ನು ಉಳಿಸಿಕೊಳ್ಳಲು ಬೇಕಾದ ಬಲ ಬೇರೆ. ಈ ವ್ಯತ್ಯಾಸವನ್ನು ಮನೆಯ ಅಂಗಳದಲ್ಲೇ ಅಳೆಯಬಹುದು.

ನಾಲ್ಕು ಗಾಲಿಯ ಸಣ್ಣ ಗಾಡಿ, 10 ಕಿಲೋ ತೂಕದ ಎಂಟು ಪೆಂಟಿ (ಮರಳಿನ ಚೀಲವೂ ಆದೀತು), ಎರಡು ಮೀಟರ್ ಹಗ್ಗ, ಸೀಮೆಸುಣ್ಣ, ಮೊಬೈಲಿನ ಸ್ಟಾಪ್‌ವಾಚ್, ಮುಳ್ಳಿನ ಸ್ಪ್ರಿಂಗ್ ಕಾಟಾ ಸಾಕು. ಡಿಜಿಟಲ್ ಕಾಟಾ ಬೇಡ. ಹಲವು ಕಾಟಾಗಳಲ್ಲಿ ಅಂಕಿ ಒಮ್ಮೆ ನಿಂತರೆ ಬದಲಾಗುವುದೇ ಇಲ್ಲ. ಕಾಟಾವನ್ನು ಅಡ್ಡ ಹಿಡಿದೇ ಮುಳ್ಳನ್ನು ಸೊನ್ನೆಗೆ ತನ್ನಿ.

ಗಾಡಿ 20 ಕಿಲೋ ಇದ್ದರೆ ಮೂರು ಪೆಂಟಿ ಇಟ್ಟು ಒಟ್ಟು 50 ಮಾಡಿಕೊಳ್ಳಿ. ಸಿಮೆಂಟ್ ನೆಲದ ಮೇಲೆ 4 ಮೀಟರ್ ಅಂತರಕ್ಕೆ ಎರಡು ಗೆರೆ ಎಳೆಯಿರಿ. ಮೊದಲು ಒಂದೇ ವೇಗದಲ್ಲಿ ನಿಧಾನಕ್ಕೆ ಎಳೆದು ಮುಳ್ಳು ನೋಡಿ. 2 ಕಿಲೋ ತೋರಿಸಿತೆನ್ನಿ, ಅದಷ್ಟೂ ಘರ್ಷಣೆಯ ಪಾಲು. ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ: ಬಲವನ್ನು ಒಟ್ಟು ಭಾರದಿಂದ ಭಾಗಿಸಿದರೆ ವೇಗೋತ್ಕರ್ಷ (ವೇಗ ಏರುವ ದರ) ಸಿಗುತ್ತದೆ ಎಂಬ ಸೂತ್ರಕ್ಕೆ ಈ 2 ಕಿಲೋ ಕಳೆಯದೆ ಹಾಕಿಬಿಡುತ್ತಾರೆ.

ಈಗ ಒಬ್ಬರು ಗಾಡಿ ಹಿಡಿದಿರಲಿ, ಇನ್ನೊಬ್ಬರು ಮುಳ್ಳು 3ಕ್ಕೆ ಬರುವಷ್ಟು ಹಗ್ಗ ಬಿಗಿ ಮಾಡಲಿ. ಗಾಡಿ ಬಿಟ್ಟ ಕ್ಷಣದಿಂದ ಸಮಯ ಹಿಡಿಯಿರಿ. ಗಾಡಿ ಜೋರಾದಂತೆ ಎಳೆಯುವವರ ನಡಿಗೆಯೂ ಬಿರುಸಾಗಬೇಕು, ಇಲ್ಲದಿದ್ದರೆ ಹಗ್ಗ ಸಡಿಲಾಗಿ ಮುಳ್ಳು ಇಳಿಯುತ್ತದೆ. ಮೂರ್ನಾಲ್ಕು ಸಲ ಎಳೆದರೆ ಕೈಗೆ ಹದ ಸಿಗುತ್ತದೆ. ಗೆರೆ ದಾಟಿದ ಕೂಡಲೇ ಪಕ್ಕಕ್ಕೆ ಸರಿಯಿರಿ, ಗಾಡಿ ಕಾಲಿಗೆ ಬಡಿದೀತು.

ಮುಳ್ಳಿನ 3ರಲ್ಲಿ ಘರ್ಷಣೆಯ 2 ಕಳೆದರೆ ಉಳಿದ ಬಲ 1 ಕಿಲೋ, ಅಂದರೆ 9.8 ನ್ಯೂಟನ್. ಅದನ್ನು 50ರಿಂದ ಭಾಗಿಸಿದರೆ ವೇಗೋತ್ಕರ್ಷ ಸುಮಾರು 0.2: ಪ್ರತಿ ಸೆಕೆಂಡಿಗೆ ವೇಗ ಅಷ್ಟು ಮೀಟರ್ ಏರುತ್ತದೆ. ದೂರದ ಎರಡರಷ್ಟನ್ನು ವೇಗೋತ್ಕರ್ಷದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಮಯ ಸಿಗುತ್ತದೆ; 4 ಮೀಟರ್ ದಾಟಲು ಸುಮಾರು 6.4 ಸೆಕೆಂಡ್ ಹಿಡಿಯಬೇಕು. ಮುಳ್ಳನ್ನು 4ರಲ್ಲಿ ಹಿಡಿದು ಎಳೆದರೆ ಉಳಿದ ಬಲ ಇಮ್ಮಡಿ, ಸಮಯ 4.5 ಸೆಕೆಂಡ್. ಸಮಯ ಅರ್ಧವಾಗಲಿಲ್ಲವೆಂದು ಗಾಬರಿ ಬೇಡ, ಇಮ್ಮಡಿಯಾದದ್ದು ವೇಗೋತ್ಕರ್ಷ.

ಎಂಟೂ ಪೆಂಟಿ ಹೇರಿ 100 ಕಿಲೋ ಮಾಡಿದಾಗ ಘರ್ಷಣೆಯನ್ನು ಹೊಸದಾಗಿ ಅಳೆಯಿರಿ, ಅದೂ ಏರಿರುತ್ತದೆ. ಅದರ ಮೇಲೆ 1 ಕಿಲೋ ಹೆಚ್ಚಿಗೆ ಎಳೆದರೆ ಸಮಯ ಸುಮಾರು 9 ಸೆಕೆಂಡ್.

ನೆಲದ ಇಳಿಜಾರು ಕಣ್ಣಿಗೆ ಕಾಣದು. ನೂರು ಮೀಟರಿಗೆ ಒಂದು ಮೀಟರ್ ಇಳಿಜಾರಿದ್ದರೂ 50 ಕಿಲೋ ಗಾಡಿಗೆ ಅರ್ಧ ಕಿಲೋ ಬಲ ಪುಕ್ಕಟೆ ಸಿಗುತ್ತದೆ. ಘರ್ಷಣೆಯನ್ನು ಎರಡೂ ದಿಕ್ಕಿಗೆ ಎಳೆದು ನೋಡಿ. ಮುಳ್ಳು ಬೇರೆ ಬೇರೆ ತೋರಿಸಿದರೆ ಜಾಗ ಬದಲಿಸಿ.

ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರಿಗೆ ಇದೇ ಲೆಕ್ಕ ತಲೆಕೆಳಗಾಗಿ, ವೇಗ ಇಳಿಸಿ ನಿಲ್ಲಿಸಲು ಬೇಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ 8 ಮೀಟರಿನೊಳಗೆ ನಿಲ್ಲುವ ಟ್ರ್ಯಾಕ್ಟರಿಗೆ ಟ್ರೇಲರ್ ಸೇರಿ ಒಟ್ಟು ಭಾರ ನಾಲ್ಕು ಪಟ್ಟಾಗಿದ್ದು, ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ, ಅದೇ ಬ್ರೇಕಿನ ಬಲಕ್ಕೆ ನಿಲ್ಲಲು 30 ಮೀಟರಿಗೂ ಹೆಚ್ಚು ಬೇಕು. ಮುಂದಿನ ವಾಹನಕ್ಕೆ ಅಷ್ಟು ಅಂತರ ಬಿಟ್ಟೇ ಹೊರಡಿ.